ಮೋಟಾರಿನ ತೊಟ್ಟಿಲು

ನಮ್ಮ ಊರುಗಳ ಬೀದಿಯಲ್ಲಿ ಆಟೋರಿಕ್ಷಾ ಕೆಟ್ಟು ನಿಂತಾಗ ಅದರ ಚಾಲಕನು ಮಾಡುವ ಉಪಾಯವನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಹಳೆಯ ಟಯರೊಂದನ್ನು ನೆಲದ ಮೇಲೆ ಹಾಸಿ, ಗಾಡಿಯನ್ನು ಪಕ್ಕಕ್ಕೆ ಮಗುಚಿ, ಅದರ ಮೇಲೆ ಒರಗಿಸಿಬಿಡುವನು. ಅಲ್ಲಿಯವರೆಗೆ ನೆಲಕ್ಕೆ ಮುಖಮಾಡಿದ್ದ ಗಾಡಿಯ ಹೊಟ್ಟೆಯು ಶಾಲೆಯ ಕರಿಹಲಗೆಯಂತೆ ಅವನೆದುರಿಗೆ ನಿಲ್ಲುವುದು. ಅವನು ಕುಕ್ಕುರುಗಾಲಿನಲ್ಲಿ ಕುಳಿತು, ಒಳ್ಳೆಯ ಬೆಳಕಿನಲ್ಲಿ ಕೆಲಸವನ್ನು ಮುಗಿಸಿ, ಗಾಡಿಯನ್ನೆಬ್ಬಿಸಿಕೊಂಡು ಹೊರಟುಹೋಗುವನು. ಕಾರಿನ ವಿಷಯದಲ್ಲಿ ಈ ಉಪಾಯವು ಸಲ್ಲದು. ಅದನ್ನು ಹಾಗೆ ಮಗುಚಿದರೆ ಅದರ ಭಾರದಿಂದಲೇ ಬಾಗಿಲು, ಮಾಡು, ಕಂಬಗಳು ನುಗ್ಗಾಗುವುವು. ಆದುದರಿಂದ ರಿಪೇರಿಯವನು ಕಾರಿನ ಅಡಿಯಲ್ಲಿ ಬೆನ್ನಮೇಲೆ ಮಲಗುವುದೇ ರೂಢಿಯಾಗಿ ಬಂದಿದೆ. ಈ ರೂಢಿಯನ್ನು ತಪ್ಪಿಸಿ, ಹಳೆಯ ಕಾರಿನ ಒಡಲನ್ನು ಎರಡು ಕಂಬಗಳ ನಡುವೆ ತೂಗಿ, ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸುವ ಸಾಧನವೊಂದನ್ನು ಮನೆಯ ಅಂಗಳದಲ್ಲಿಯೇ ಕಟ್ಟಿದ ಬಗೆಯನ್ನು ವಾಚಕರ ಮುಂದಿಡಬೇಕೆಂದಿರುವೆವು. ನಾವು ಸಂಸ್ಕೃತವನ್ನೋದಿ, ಮಕ್ಕಳಿಗೆ ಅದನ್ನೇ ಕಲಿಸಿ ನಿವೃತ್ತರಾದವರು. ಲೋಹದ ಕೆಲಸ ನಮ್ಮದಲ್ಲ. ಆದರೆ ಎರಡು ತಿಂಗಳ ಕಾಲ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ನೋಡಿದ್ದೇವೆ, ಕೇಳಿದ್ದೇವೆ, ಅಳತೆಗಳನ್ನು ಬರೆದುಕೊಂಡಿದ್ದೇವೆ.

ಕಾರಿನ ಅಡಿಭಾಗಕ್ಕೆ ಇಷ್ಟು ಮಹತ್ತ್ವವೇಕೆಂದರೆ, ಮುದಿಯಾದ ಕಾರಿಗೆ ಮರಣವು ಸಾಮಾನ್ಯವಾಗಿ ಅಲ್ಲಿಂದಲೇ ಬರುವುದು. ಎಂಜಿನು ಸವೆದರೆ ಬೋರು ಮಾಡಿಸಬಹುದು. ಗಾಜು ಒಡೆದರೆ ಬೇರೆ ಹಾಕಿಸಬಹುದು. ಹಳೆಯ ಕಾಲದ ಕಾರುಗಳಲ್ಲಿಯೂ ಜೀಪುಗಳಲ್ಲಿಯೂ ಷಾಸಿಯೆಂಬ ಉಕ್ಕಿನ ಚೌಕಟ್ಟು ಬೇರೆ, ಅದರ ಮೇಲೆ ಕೂರಿಸಿದ ಮೈ ಬೇರೆ. ಮೈ ಹಾಳಾದರೂ ಚೌಕಟ್ಟು ಉಳಿಯುವುದು. ಆದರೆ ನಮ್ಮ ಜನರು ಫಿಯೆಟ್ಟೆಂದು ಕರೆಯುವ ಕಾರಿನಲ್ಲಿ ಹಾಗಿಲ್ಲ. ಇಟಲಿಯಲ್ಲಿ ೧೯೫೩ರಲ್ಲಿ ಹೊಸದಾಗಿ ರೂಪುಗೊಂಡ ಫಿಯೆಟ್ ೧೧೦೦ ಮಾದರಿಯೇ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಲ್ಲಿ ೧೯೬೪ರಿಂದ ಡಿಲೈಟ್ ಎಂದೂ, ೧೯೭೨ರಿಂದ ಪ್ರೆಸಿಡೆಂಟ್ ಎಂದೂ, ೧೯೭೪ರಿಂದ ಪದ್ಮಿನಿಯೆಂದೂ ಹೆಸರು ಬದಲಿಸುತ್ತ ೨೦೦೧ರ ಸುಮಾರಿನವರೆಗೆ ತಯಾರಾಗುತ್ತಿದ್ದಿತು. ಮುಂಬಯಿಯ ಬಾಡಿಗೆ ಕಾರುಗಳಲ್ಲಿ ಈ ಜಾತಿಯ ಕೊನೆಯದು ೨೦೨೩ರ ಅಕ್ಟೋಬರಿನಲ್ಲಿ ರಸ್ತೆಯನ್ನು ಬಿಟ್ಟಿತು. ಈ ಕಾರಿಗೆ ಪ್ರತ್ಯೇಕವಾದ ಷಾಸಿಯಿಲ್ಲ. ಸುಮಾರು ಒಂದು ಮಿಲಿಮೀಟರು ದಪ್ಪದ ತಗಡುಗಳನ್ನು ಮಡಿಸಿ, ಪೆಟ್ಟಿಗೆಯಾಕಾರದಲ್ಲಿ ಬೆಸೆದು, ನೆಲ, ಪಕ್ಕ, ಮಾಡುಗಳೆಲ್ಲವೂ ಒಂದಾಗಿ ಭಾರವನ್ನು ಹೊರುವಂತೆ ಮಾಡಿರುವರು. ಬಾಗಿಲುಗಳ ಕೆಳಗೆ ಎರಡು ಪಕ್ಕದಲ್ಲಿಯೂ ಉದ್ದಕ್ಕೆ ಹಾಯುವ ಪೆಟ್ಟಿಗೆಯಂತಹ ತೊಲೆಯೇ ಇದರ ಬೆನ್ನೆಲುಬು. ಗ್ಯಾರೇಜಿನವರು ಇದನ್ನು ರನ್ನಿಂಗ್ ಬೋರ್ಡೆನ್ನುವರು. ಇದು ಒಳಗಿನಿಂದ ಕೊಳೆತರೆ ಮೇಲಿನ ಬಣ್ಣವು ಎಷ್ಟು ಥಳಥಳಿಸಿದರೂ ಕಾರು ನಡುವಿನಲ್ಲಿ ಕುಸಿಯುವುದು.

ತುಕ್ಕಿನ ಕ್ರಮವು ಕೌತುಕವಾದುದು. ನೀರು, ಗಾಳಿ ಎರಡೂ ಸೇರಿದಲ್ಲಿ ಕಬ್ಬಿಣಕ್ಕೆ ತುಕ್ಕು ಹುಟ್ಟುವುದು; ಉಪ್ಪು ಬೆರೆತರೆ ಅದರ ವೇಗವು ಹೆಚ್ಚುವುದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನಾಕ್ರಮಿಸುವುದರಿಂದ ಎರಡು ತಗಡುಗಳ ಸಂಧಿಯಲ್ಲಿ ಹುಟ್ಟಿದರೆ ಸಂಧಿಯನ್ನೇ ಒಡೆದು ಬಾಯಿ ತೆರೆಸುವುದು. ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರು ಮಳೆ. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯತಕ್ಕದ್ದು. ಪಕ್ಕದಲ್ಲಿಯೇ ಸಮುದ್ರ. ಮುಂದಿನ ಗಾಜಿನ ರಬ್ಬರು ಒಣಗಿ ಬಿರಿದರೆ ನೀರು ಒಳಗಿಳಿದು, ಕಾಲಡಿಯ ರಬ್ಬರುಹಾಸಿನ ಕೆಳಗಿರುವ ಕಂಬಳಿಯಂತಹ ಪದರವನ್ನು ನೆನೆಸುವುದು. ಆ ಪದರವು ದೀಪಾವಳಿಯವರೆಗೂ ಆರದು. ಚಕ್ರದ ಗೂಡಿನಲ್ಲಿ ಮೆತ್ತಿದ ಕೆಮ್ಮಣ್ಣೂ ಹಾಗೆಯೇ ತೇವವನ್ನು ಹಿಡಿದಿಟ್ಟಿರುವುದು. ಹೀಗಾಗಿ ಹೊರಗೆ ನೋಡುವವರಿಗೆ ಕಾರು ಸುಸ್ಥಿತಿಯಲ್ಲಿರುವಾಗಲೇ ಒಳಗೆ ನೆಲವಿಲ್ಲದಂತಾಗುವುದು.

ನಮ್ಮ ಅಕ್ಕನ ಮನೆಯ ಕಾರಿಗೆ ಆದುದೂ ಇದೇ. ೧೯೭೩ರ ಪ್ರೆಸಿಡೆಂಟ್ ಅದು. ನಮ್ಮ ಭಾವನವರು ಕೊಂಡದ್ದು. ನಾವು ಚಡ್ಡಿ ತೊಡುವ ವಯಸ್ಸಿನಲ್ಲಿ ಅದರ ಹಿಂದಿನ ಸೀಟಿನಲ್ಲಿ ಕುಳಿತು ಮಂಗಳೂರನ್ನು ಮೊದಲ ಸಲ ಕಂಡೆವು. ಭಾವನವರು ತೀರಿಕೊಂಡ ಮೇಲೆ ಅದು ಹಟ್ಟಿಯ ಪಕ್ಕದ ಮಾಡಿನಲ್ಲಿ ಹನ್ನೊಂದು ವರ್ಷ ನಿಂತಿತು. ಗುಜರಿಯವನು ಎರಡು ಸಲ ಬಂದು ಬೆಲೆ ಕೇಳಿಹೋದನು. ಸೋದರಳಿಯನು ಅದನ್ನು ಕೊಡಲೊಲ್ಲದೆ ಜಾಕಿ ಹಾಕಿ ಅಡಿಯನ್ನು ಪರೀಕ್ಷಿಸಹೊರಟಾಗ ಅಕ್ಕನು ಅಡ್ಡ ಬಂದಳು. “ಅವರ ಕಾರು ಹೋದರೆ ಹೋಗಲಿ ಮಾರಾಯ, ನನ್ನ ಮಗ ಅದರ ಅಡಿಗೆ ಮಲಗುವುದು ಮಾತ್ರ ಬೇಡ” ಎಂದು ನಮ್ಮೊಡನೆ ಹೇಳಿದಳು. ಅವಳ ಭಯವು ಅಕಾರಣವಾದುದಲ್ಲ. ಜಾಕಿಯೊಂದನ್ನೇ ನಂಬಿ ಕಾರಿನ ಅಡಿಗೆ ಹೋದವರು ಜೀವಸಹಿತ ಬಾರದ ಸುದ್ದಿಯನ್ನು ಆಗಾಗ ಕೇಳುತ್ತಿರುವೆವು. ಅದರಲ್ಲಿಯೂ ನೆಲವೇ ತುಕ್ಕು ಹಿಡಿದ ಕಾರಿನಲ್ಲಿ ಜಾಕಿಯ ತಲೆಯು ತಗಡನ್ನು ತೂರಿಕೊಂಡು ಮೇಲಕ್ಕೆ ಹೋಗಬಹುದು. ಅಳಿಯನು ತಾಯಿಯ ಮಾತನ್ನು ಮೀರಲಿಲ್ಲ, ಕಾರನ್ನೂ ಬಿಡಲಿಲ್ಲ. “ಮಾವ, ನಾನು ಅದರ ಅಡಿಗೆ ಹೋಗುವುದಿಲ್ಲ. ಅದರ ಅಡಿಯೇ ನನ್ನ ಎದುರಿಗೆ ಬರುವ ಹಾಗೆ ಮಾಡುತ್ತೇನೆ” ಎಂದನು.

ಹೀಗೆ ತಿರುಗಿಸುವ ಸಾಧನಕ್ಕೆ ಪಾಶ್ಚಾತ್ಯರು ರೊಟಿಸರಿ ಎನ್ನುವರು. ಮಾಂಸವನ್ನು ಸಲಾಕೆಗೆ ಚುಚ್ಚಿ, ಬೆಂಕಿಯ ಮೇಲೆ ತಿರುಗಿಸುತ್ತ ಬೇಯಿಸುವ ಅಡಿಗೆಮನೆಯ ಉಪಕರಣದ ಹೆಸರಿದು. ನಮ್ಮ ಪೂರ್ವಿಕರಿಗೂ ಇದು ತಿಳಿಯದ ವಿದ್ಯೆಯಲ್ಲ. ಹಾಗೆ ಬೆಂದ ಮಾಂಸಕ್ಕೆ ಅಮರಕೋಶದಲ್ಲಿ ಶೂಲ್ಯವೆಂಬ ಪದವಿದೆ. ಶೂಲದಿಂದ ಬೇಯಿಸುವುದನ್ನು ಹೇಳುವ ಕ್ರಿಯಾರೂಪಕ್ಕಾಗಿ ಪಾಣಿನಿಯು ಒಂದು ಸೂತ್ರವನ್ನೇ ಮೀಸಲಿಟ್ಟಿರುವನು. ಅಕ್ಕನ ಮನೆಯಲ್ಲಿ ಈ ಹೆಸರನ್ನು ಉಚ್ಚರಿಸುವುದು ಉಚಿತವಲ್ಲವೆಂದು ಸುಮ್ಮನಾದೆವು. ಕೆಲಸಕ್ಕೆ ಬಂದ ವೆಲ್ಡಿಂಗಿನವನು ಮೊದಲ ದಿನವೇ ಅದನ್ನು ತೊಟ್ಟಿಲೆಂದು ಕರೆದನು. ನಮಗೂ ಅದೇ ಸರಿಯೆಂದು ತೋರಿತು.

ತೊಟ್ಟಿಲಿನ ರಚನೆಯು ಸರಳ. ಕಾರಿನ ಮುಂದೊಂದು, ಹಿಂದೊಂದು ಕಂಬ. ಕಂಬದ ಕಾಲಿಗೆ ಟಿ ಆಕಾರದ ಪಾದ. ಅದರ ಅಡ್ಡತೊಲೆಯು ಐದು ಅಡಿಗೆ ಕಡಮೆಯಿರಕೂಡದು, ಏಕೆಂದರೆ ತಿರುಗುವಾಗ ಭಾರವು ಪಕ್ಕಕ್ಕೆ ವಾಲಿದರೆ ಅದೇ ಆಧಾರ. ಎರಡು ಪಾದಗಳನ್ನೂ ನೆಲಮಟ್ಟದಲ್ಲಿ ಉದ್ದನೆಯ ತೊಲೆಯೊಂದರಿಂದ ಬಂಧಿಸಿದರೆ ಕಂಬಗಳು ಒಂದರಿಂದೊಂದು ದೂರ ಸರಿಯಲಾರವು. ಇಲ್ಲಿ ಬಳಸಿದ್ದು ಪೇಟೆಯಲ್ಲಿ ೬ ಮೀಟರು ಉದ್ದದ ತುಂಡುಗಳಾಗಿ ದೊರೆಯುವ, ೭೨ ಮಿಲಿಮೀಟರು ಚೌಕದ, ೪ ಮಿಲಿಮೀಟರು ದಪ್ಪದ ಉಕ್ಕಿನ ಕೊಳವೆ. ಮೀಟರಿಗೆ ಸುಮಾರು ೮ ಕಿಲೋ ತೂಗುವುದು. ಅದರೊಳಕ್ಕೆ ೬೦ ಮಿಲಿಮೀಟರಿನ ಚೌಕ ಕೊಳವೆಯು ಸರಾಗವಾಗಿ ಇಳಿಯುವುದರಿಂದ ಕಂಬವನ್ನು ಬೇಕಾದಷ್ಟು ಎತ್ತರಿಸಿ, ತೂತುಗಳಲ್ಲಿ ದಪ್ಪ ಬೋಲ್ಟು ತೂರಿಸಿ ನಿಲ್ಲಿಸಬಹುದು. ಎಲ್ಲ ಸೇರಿ ಸುಮಾರು ಒಂದೂವರೆ ಕ್ವಿಂಟಲು ಕಬ್ಬಿಣ ಹಿಡಿಯಿತು. ಕಬ್ಬಿಣವನ್ನು ತೂಕದ ಮೇಲೆ ಕೊಂಡುದಾದ್ದರಿಂದ ಕೆಲಸ ಮುಗಿದ ಮೇಲೆ ತೂಕದ ಮೇಲೆಯೇ ಮಾರಲೂಬಹುದು.

ಕಂಬದ ತಲೆಯಲ್ಲಿರುವ ತಿರುಗುಗೂಟವೇ ಇದರ ಜೀವ. ಮೂರಿಂಚಿನ ನೀರಿನ ಪೈಪಿನೊಳಗೆ ಎರಡೂವರೆ ಇಂಚಿನದನ್ನು ತೂರಿಸಿ, ನಡುವೆ ಗ್ರೀಸು ಸವರಿದರೆ ಸಾಕಾಯಿತು. ಸಿ ಕ್ಲಾಸಿನ ದಪ್ಪ ಪೈಪುಗಳಾದರೆ ಎರಡರ ನಡುವೆ ಸುಮಾರು ಮೂರು ಮಿಲಿಮೀಟರಿನಷ್ಟೇ ಸಡಿಲವಿರುವುದು. ಕಾರು ನಿಮಿಷಕ್ಕೆ ನೂರು ಸುತ್ತು ಸುತ್ತಬೇಕಾದುದಿಲ್ಲ. ದಿನಕ್ಕೆ ನಾಲ್ಕು ಸಲ ಹೊರಳಿದರಾಯಿತು. ಆದುದರಿಂದ ಬೇರಿಂಗಿನ ವೆಚ್ಚವು ವ್ಯರ್ಥವೆಂದೇ ನಮ್ಮ ಅಭಿಪ್ರಾಯ. ಆದರೆ ಸತುವಿನ ಲೇಪವುಳ್ಳ ಬಿಳಿಯ ಪೈಪನ್ನು ಹಾಗೆಯೇ ಬೆಸೆಯಲಾಗದು. ಸತುವು ಸುಟ್ಟ ಹೊಗೆಯು ಉಸಿರಿಗೆ ಹೋದರೆ ಚಳಿಜ್ವರ ಬಂದಂತಾಗುವುದು. ಕಪ್ಪು ಪೈಪನ್ನೇ ಕೇಳಿ ತರಬೇಕು. ಒಳಗಿನ ಪೈಪಿಗೆ ಬಿಗಿದ ದುಂಡು ತಟ್ಟೆಯಲ್ಲಿ ಅಂಚಿನ ಸುತ್ತ ಹನ್ನೆರಡು ತೂತುಗಳು. ಕಂಬದಿಂದ ಒಂದು ಗೂಟವನ್ನು ಅವುಗಳಲ್ಲೊಂದಕ್ಕೆ ತೂರಿಸಿದರೆ ಕಾರು ಆ ಕೋನದಲ್ಲಿ ನಿಲ್ಲುವುದು. ಗಡಿಯಾರದ ಮುಖದಂತೆ ಮೂವತ್ತು ಮೂವತ್ತು ಡಿಗ್ರಿಗೆ ಒಂದು ನಿಲುಗಡೆ. ಮುಂದೆಯೂ ಹಿಂದೆಯೂ ಎರಡೂ ಗೂಟಗಳನ್ನು ಹಾಕಿದ ಹೊರತು ಯಾರೂ ಕಾರಿನ ಬಳಿಗೆ ಹೋಗತಕ್ಕದ್ದಲ್ಲವೆಂದು ಅಕ್ಕನು ನಿಯಮ ಮಾಡಿದಳು. ವೆಲ್ಡಿಂಗಿನವನೂ ಅದಕ್ಕೆ ತಲೆಬಾಗಿದನು.

ಎಂಜಿನು, ಗೇರುಪೆಟ್ಟಿಗೆ, ಹಿಂದಿನ ಅಚ್ಚು, ಗಾಜು, ಬಾಗಿಲು, ಸೀಟುಗಳನ್ನು ತೆಗೆದು ಬರಿದಾದ ಒಡಲನ್ನು ಮುಂದೆ ಹಿಂದೆ ಬಂಪರು ಕೂರುವ ಜಾಗದಲ್ಲಿ ಕಬ್ಬಿಣದ ತೋಳುಗಳಿಗೆ ಬೋಲ್ಟು ಹಾಕಿ ಬಿಗಿಯಬೇಕು. ಆ ಜಾಗವೇ ತುಕ್ಕು ಹಿಡಿದಿದ್ದರೆ ಅದನ್ನು ಮೊದಲು ಸರಿಪಡಿಸದೆ ತೂಗುವುದು ಆತ್ಮಹತ್ಯೆಗೆ ಸಮಾನ. ಅಳಿಯನು ಸುತ್ತಿಗೆಯಿಂದ ಕುಟ್ಟಿ, ಕೇಳಿ, ಮುಂದಿನ ಎಡಗಡೆಯ ಜಾಗವನ್ನು ಹೊಸ ತಗಡಿನಿಂದ ಕಟ್ಟಿಸಿದ ಮೇಲೆಯೇ ಚೈನ್ ಬ್ಲಾಕಿನಿಂದ ಒಡಲನ್ನೆತ್ತಿ ಕಂಬಗಳಿಗೇರಿಸಿದನು.

ಇನ್ನು ಸಮತೋಲದ ವಿಷಯ. ಇಲ್ಲಿ ಕಬ್ಬಿಣಕ್ಕಿಂತ ಬುದ್ಧಿಗೇ ಹೆಚ್ಚು ಕೆಲಸ. ಯಾವ ವಸ್ತುವಿಗಾದರೂ ತನ್ನ ಭಾರವೆಲ್ಲವೂ ನೆಲೆಸಿದಂತಿರುವ ಒಂದು ಬಿಂದುವಿರುವುದು, ಅದು ಗುರುತ್ವಕೇಂದ್ರ. ತಿರುಗುವ ಅಕ್ಷವು ಆ ಕೇಂದ್ರದ ಮೂಲಕ ಹಾದರೆ ಎಷ್ಟು ಭಾರದ ವಸ್ತುವನ್ನಾದರೂ ಮಗುವಿನಂತೆ ತಿರುಗಿಸಬಹುದು. ತಪ್ಪಿದರೆ ಏನಾಗುವುದೆಂಬುದನ್ನು ಲೆಕ್ಕ ಹಾಕಿ ನೋಡೋಣ. ಬರಿಯ ಒಡಲು ೩೦೦ ಕಿಲೋ ಎಂದಿಟ್ಟುಕೊಳ್ಳಿ. ಅಕ್ಷವು ಕೇಂದ್ರದಿಂದ ೧೦ ಸೆಂಟಿಮೀಟರು ಆಚೆಗಿದ್ದರೆ, ಕಾರನ್ನು ಪಕ್ಕಕ್ಕೆ ತಿರುಗಿಸಿದಾಗ ಅದನ್ನು ತಡೆದುನಿಲ್ಲಿಸಲು ಅಕ್ಷದಿಂದ ೭೫ ಸೆಂಟಿಮೀಟರು ದೂರದಲ್ಲಿರುವ ಅಂಚಿನಲ್ಲಿ ೪೦ ಕಿಲೋ ಭಾರದಷ್ಟು ಬಲವು ಬೇಕು. ಕೈಜಾರಿದರೆ ಆ ಅಂಚು ನೆಲದ ಕಡೆಗೆ ಬೀಸುವುದು. ನಡುವೆ ಯಾರ ಮೊಣಕಾಲಿದ್ದರೂ ಉಳಿಯದು. ಅಂತರವನ್ನು ೨ ಸೆಂಟಿಮೀಟರಿಗೆ ಇಳಿಸಿದರೆ ೮ ಕಿಲೋ ಬಲ ಸಾಕು. ಒಂದು ಕೊಡ ನೀರನ್ನೆತ್ತುವವರು ಕಾರನ್ನು ತಿರುಗಿಸಬಹುದು.

ಕೇಂದ್ರವನ್ನು ಕಂಡುಹಿಡಿಯುವುದು ಹೇಗೆ? ರಟ್ಟಿನ ತುಂಡನ್ನು ಎರಡು ಕಡೆಯಿಂದ ತೂಗಿಸಿ, ತೂಗುಗುಂಡಿನ ದಾರದ ಗುರುತುಗಳು ಎಲ್ಲಿ ಸಂಧಿಸುವುವೆಂದು ನೋಡುವ ಪಾಠವನ್ನು ಶಾಲೆಯಲ್ಲಿ ಎಲ್ಲರೂ ಓದಿರುವರು. ಕಾರನ್ನು ಹಾಗೆ ತೂಗಿಸಲಾಗದು. ಆದುದರಿಂದ ತೋಳುಗಳಲ್ಲಿ ಒಂದರ ಕೆಳಗೊಂದು ತೂತುಗಳನ್ನು ಕೊರೆದು, ಅಕ್ಷವನ್ನು ಮೇಲಕ್ಕೂ ಕೆಳಕ್ಕೂ ಸರಿಸಲು ಬರುವಂತೆ ಮಾಡುವರು. ಒಡಲಿಗೆ ಎರಡು ಪಕ್ಕದಿಂದಲೂ ಹಗ್ಗ ಕಟ್ಟಿ, ಹಿಡಿದು, ಗೂಟ ತೆಗೆದು, ಹದಿನೈದು ಡಿಗ್ರಿಯಷ್ಟೇ ಓರೆಮಾಡಿ ನೋಡಬೇಕು. ಅದು ಉಯ್ಯಾಲೆಯಂತೆ ಮೊದಲಿನ ಸ್ಥಿತಿಗೆ ಮರಳಿದರೆ ಅಕ್ಷವು ಕೇಂದ್ರಕ್ಕಿಂತ ಮೇಲಿದೆಯೆಂದು ತಿಳಿಯಬೇಕು. ಇನ್ನೂ ಓರೆಯಾಗುತ್ತ ತಲೆಕೆಳಗಾಗಲು ಹವಣಿಸಿದರೆ ಅಕ್ಷವು ಕೆಳಗಿದೆ. ಮಾಡಿನ ತಗಡು ತೆಳುವು, ನೆಲದ ಭಾಗವು ಭಾರ. ಆದುದರಿಂದ ಕೇಂದ್ರವು ನಾವೆಣಿಸುವುದಕ್ಕಿಂತ ಕೆಳಗಿರುವುದು. ಅಳಿಯನೂ ವೆಲ್ಡಿಂಗಿನವನೂ ಒಂದು ಮಧ್ಯಾಹ್ನವೆಲ್ಲ ಮೂರು ತೂತುಗಳನ್ನು ಬದಲಿಸಿ, ಕೇಂದ್ರಕ್ಕಿಂತ ಒಂದು ಬೆರಳಷ್ಟು ಮೇಲೆ ಅಕ್ಷವನ್ನು ನಿಲ್ಲಿಸಿದರು. ಸ್ವಲ್ಪ ಮೇಲಿದ್ದರೆ ಗೂಟ ಜಾರಿದರೂ ಕಾರು ತಾನಾಗಿ ನೆಟ್ಟಗಾಗುವುದೆಂಬುದೇ ಇದರ ಪ್ರಯೋಜನ. ಅನಂತರ ವೆಲ್ಡಿಂಗಿನವನು “ಮಾಷ್ಟ್ರೇ, ನೀವೇ ತಿರುಗಿಸಿ ನೋಡಿ” ಎಂದನು. ಒಂದು ಕೈಯಿಂದ ತಳ್ಳಿದೆವು. ಕಾರು ಸದ್ದಿಲ್ಲದೆ ಹೊರಳಿತು. ಅಕ್ಕನು ಜಗಲಿಯಿಂದ ಇಳಿದು ಬಂದು ತಾನೂ ತಳ್ಳಿದಳು.

ಇಲ್ಲೊಂದು ಸೂಕ್ಷ್ಮವುಂಟು. ಕೊಳೆತ ನೆಲವನ್ನು ಕತ್ತರಿಸಿ ತೆಗೆದೊಡನೆ ಕೇಂದ್ರವು ಮೇಲಕ್ಕೆ ಸರಿಯುವುದು. ಹೊಸ ತಗಡನ್ನು ಬೆಸೆದೊಡನೆ ಕೆಳಗಿಳಿಯುವುದು. ಚಕ್ರದ ಗೂಡಿನ ಮಣ್ಣು ಉದುರಿದರೂ ವ್ಯತ್ಯಾಸವಾಗುವುದು. ನಿನ್ನೆ ಸರಿಯಿತ್ತೆಂದು ಇಂದು ಹಗ್ಗವಿಲ್ಲದೆ ಗೂಟ ತೆಗೆಯತಕ್ಕದ್ದಲ್ಲ.

ಎರಡು ತುದಿಗಳಲ್ಲಿ ಹಿಡಿದು ತೂಗಿದ ಒಡಲು ನಡುವಿನಲ್ಲಿ ಜೋಲುವ ಸ್ವಭಾವವುಳ್ಳದ್ದು. ಹಾಗೆ ಜೋತ ಸ್ಥಿತಿಯಲ್ಲಿಯೇ ನೆಲವನ್ನು ಬೆಸೆದರೆ ಆ ವಕ್ರತೆಯು ಶಾಶ್ವತವಾಗುವುದು, ಬಾಗಿಲುಗಳು ಎಂದಿಗೂ ಸರಿಯಾಗಿ ಮುಚ್ಚವು. ಇದಕ್ಕಾಗಿ ಬಾಗಿಲಿನ ತೆರಪುಗಳಲ್ಲಿ ಕಬ್ಬಿಣದ ಕೊಳವೆಗಳನ್ನು ಓರೆಯಾಗಿಯೂ ಅಡ್ಡವಾಗಿಯೂ ಬೆಸೆದು, ಕಂಬದಿಂದ ಕಂಬಕ್ಕಿರುವ ಅಂತರವನ್ನೂ ಕರ್ಣದ ಉದ್ದವನ್ನೂ ಮೊದಲೇ ಅಳೆದು ಬರೆದಿಡುವರು. ಬಾಗಿಲ ಕೆಳಗಿನ ತೊಲೆಯ ಕೆಲಸವನ್ನು ತೊಟ್ಟಿಲಿನಲ್ಲಿ ಮಾಡಬಹುದೇ ಎಂಬುದರಲ್ಲಿ ಕುಶಲರಲ್ಲಿಯೇ ಮತಭೇದವಿದೆ. ಬಿಗಿಯಾಗಿ ಬಂಧಿಸಿದ್ದರೆ ಬಾಧಕವಿಲ್ಲವೆಂದು ಕೆಲವರು. ಕಾರು ತನ್ನ ಚಕ್ರಗಳ ಮೇಲೆ ನಿಂತು, ಭಾರವು ಸಹಜವಾದ ಎಡೆಗಳಲ್ಲಿ ಬಿದ್ದಿರುವಾಗಲೇ ಬೆನ್ನೆಲುಬನ್ನು ಜೋಡಿಸಬೇಕೆಂದು ಕೆಲವರು. ನಮಗೆ ಎರಡನೆಯ ಪಕ್ಷವೇ ಯುಕ್ತವೆಂದು ತೋರಿತು. ಅಳಿಯನು ಎಂಜಿನು ತೆಗೆಯುವ ಮೊದಲೇ, ಕಾರು ಚಕ್ರಗಳ ಮೇಲಿರುವಾಗ, ಒಂದು ಪಕ್ಕದ ತೊಲೆಯನ್ನು ಪೂರ್ತಿಯಾಗಿ ಮುಗಿಸಿ ಅನಂತರ ಇನ್ನೊಂದು ಪಕ್ಕಕ್ಕೆ ಕೈಹಾಕಿದನು. ಎರಡನ್ನೂ ಒಮ್ಮೆಗೇ ಕತ್ತರಿಸಿದರೆ ಕಾರು ಎರಡು ಹೋಳಾಗಲು ಮಾಡು ಮಾತ್ರ ಅಡ್ಡಿಯಾಗಿರುವುದು.

ಹಲವರು ನೆಲವನ್ನು ಕೆಳಗಿನಿಂದ ಬೆಸೆಯುವಾಗ ಅನುಭವಿಸುವ ಕಷ್ಟವನ್ನು ನೋಡಿದವರಿಗೇ ತೊಟ್ಟಿಲಿನ ಬೆಲೆ ತಿಳಿಯುವುದು. ಕರಗಿದ ಲೋಹವು ಕೆಳಕ್ಕೆ, ಎಂದರೆ ಬೆಸೆಯುವವನ ಮುಖಕ್ಕೂ ಕುತ್ತಿಗೆಗೂ ಬೀಳುವುದು. ಕಾಣದ ಸಂಧಿಯಲ್ಲಿ ಬೆಸುಗೆ ಹಿಡಿಯಿತೋ ಇಲ್ಲವೋ ತಿಳಿಯದು. ಕಾರನ್ನು ಹೊರಳಿಸಿದರೆ ಮೇಲ್ಮುಖವಾದ ಸಂಧಿಯಲ್ಲಿ ಲೋಹವು ತಾನಾಗಿ ತುಂಬಿಕೊಳ್ಳುವುದು. ತೆಳ್ಳನೆಯ ತಗಡಿಗೆ ಕಡ್ಡಿಯ ವೆಲ್ಡಿಂಗು ಹಿಡಿಸದು, ತೂತು ಬೀಳುವುದು. ಸಿಓಟು ವೆಲ್ಡಿಂಗೇ ಬೇಕು. ಅದನ್ನೂ ಉದ್ದಕ್ಕೆ ಎಳೆಯದೆ, ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, ಆರಲು ಬಿಟ್ಟು, ನಡುವನ್ನು ತುಂಬುತ್ತ ಬಂದರೆ ತಗಡು ಸೊಟ್ಟಗಾಗದು. ನಮ್ಮ ಟಿಂಕರಿಂಗಿನವರಲ್ಲಿ ಹಳಬರು ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು.

ಬೆಂಕಿಯ ವಿಷಯವನ್ನು ಹೇಳದೆ ಬಿಡಲಾಗದು. ಪೆಟ್ರೋಲು ತೊಟ್ಟಿಯನ್ನೂ ಅದರ ಕೊಳವೆಗಳನ್ನೂ ಮೊದಲೇ ತೆಗೆದು ಅಂಗಳದಿಂದ ದೂರವಿಡಬೇಕು. ಬರಿದಾದ ತೊಟ್ಟಿಯು ತುಂಬಿದ ತೊಟ್ಟಿಗಿಂತ ಭಯಂಕರ, ಅದರಲ್ಲಿ ಆವಿಯುಂಟು. ಅಡಿಗೆ ಬಳಿದ ಹಳೆಯ ಡಾಂಬರಿನ ಪದರವು ಹೊತ್ತಿಕೊಳ್ಳುವಂಥದು. ಬೆಸೆಯುವ ಜಾಗದ ಸುತ್ತ ಅದನ್ನು ಕೆರೆದು ತೆಗೆಯಬೇಕು. ತಗಡಿನ ಈ ಪಕ್ಕದಲ್ಲಿ ಬೆಸೆಯುವಾಗ ಆ ಪಕ್ಕದಲ್ಲಿ ಏನು ಸುಡುತ್ತಿದೆಯೆಂಬುದು ಬೆಸೆಯುವವನಿಗೆ ಕಾಣದು. ಅದಕ್ಕಾಗಿಯೇ ಎರಡನೆಯವನೊಬ್ಬನು ನೀರಿನ ಬಾಲ್ದಿಯೊಡನೆ ಇರಬೇಕು. ಕೆಲಸ ನಿಂತ ಮೇಲೂ ಅರ್ಧ ಗಂಟೆ ಕಾದು ನೋಡಿ ಬಾಗಿಲು ಹಾಕುವುದೊಳ್ಳೆಯದು. ಆ ಎರಡನೆಯವನ ಹುದ್ದೆಯು ನಮಗೆ ದೊರಕಿತ್ತು.

ಮೊದಲ ಸಲ ಪೂರ್ತಿ ತಲೆಕೆಳಗಾದಾಗ ಒಡಲಿನ ಪೊಟರೆಗಳಿಂದ ಬಿದ್ದುದನ್ನು ಗುಡಿಸಿದರೆ ಅರ್ಧ ಬುಟ್ಟಿ ಮಣ್ಣಾಯಿತು. ಅದರಲ್ಲಿ ಅಲ್ಯೂಮಿನಿಯಂನ ಐದು ಪೈಸೆಯ ಎರಡು ನಾಣ್ಯ, ಒಂದು ಹೇರ್‌ಪಿನ್ನು, ಬೀಗದ ಕೈಯೊಂದು. ಹೇರ್‌ಪಿನ್ನನ್ನು ಅಕ್ಕನು ಒರಸಿ ಒಳಗೆ ತೆಗೆದುಕೊಂಡು ಹೋದಳು. ಡಾಂಬರಿನ ಕೆಳಗೆ ಒಂದೆರಡು ಕಡೆ ಕಾರ್ಖಾನೆಯವರು ಬಳಿದ ಮೊದಲ ಬಣ್ಣವು ಹಾಗೆಯೇ ಉಳಿದಿತ್ತು. ತಿಳಿ ಬೂದು. ಭಾವನವರು ಮುಂದೆ ಬಿಳಿ ಬಳಿಸಿದ್ದರೆಂಬುದು ಆಗಲೇ ತಿಳಿದದ್ದು. ಮರಳಿ ಯಾವ ಬಣ್ಣ ಬಳಿಯಬೇಕೆಂಬುದನ್ನು ಆ ಚೂರೇ ನಿರ್ಣಯಿಸಿತು.

ಬೆಸುಗೆ ಮುಗಿದ ಮೇಲೆ ತುಕ್ಕಿನ ಶೇಷಕ್ಕೆ ಫಾಸ್ಫರಿಕ್ ಆಮ್ಲದ ಮದ್ದು, ಅದನ್ನು ತೊಳೆದು ಒಣಗಿಸಿದ ಮೇಲೆ ಪ್ರೈಮರು, ಸಂಧಿಗಳಿಗೆ ಮೇಣದಂತಹ ಸೀಲರು, ಮೇಲೆ ಕಲ್ಲೇಟು ತಡೆಯುವ ರಬ್ಬರಿನಂತಹ ಲೇಪ, ಪೊಟರೆಗಳೊಳಗೆ ಉದ್ದನೆಯ ನಳಿಕೆಯಿಂದ ಮೇಣದ ಸಿಂಪಡಿಕೆ. ಒಡಲನ್ನು ಹೊರಳಿಸುತ್ತ ಹೋದರೆ ದ್ರವವು ಮೂಲೆಮೂಲೆಗೂ ತಾನೇ ಹರಿಯುವುದು. ದೊಡ್ಡ ಕಾರ್ಖಾನೆಗಳವರೂ ಇದನ್ನೇ ಮಾಡುವರು. ಜರ್ಮನಿಯ ಡ್ಯೂರ್ ಕಂಪನಿಯ ರೋಡಿಪ್ ಎಂಬ ಏರ್ಪಾಡಿನಲ್ಲಿ ಕಾರಿನ ಒಡಲನ್ನು ಬಣ್ಣದ ತೊಟ್ಟಿಯೊಳಗೆ ಪೂರ್ತಿ ಒಂದು ಸುತ್ತು ಹೊರಳಿಸಿ ಅದ್ದಿ ತೆಗೆಯುವರು.

ಐವತ್ತು ವರ್ಷಕ್ಕೆ ಮೇಲ್ಪಟ್ಟ ಕಾರುಗಳಿಗೆ ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮವನ್ನೂ ಇಲ್ಲಿ ಹೇಳಬೇಕು. ಅಂತಹವುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಲೇ ನೋಂದಣಿಯಾದವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಆದರೆ ಷಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಟು ಆಗಿರಕೂಡದು. ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆದುದರಿಂದ ಹಳೆಯ ನೆಲದ ತಗಡಿನಲ್ಲಿದ್ದ ಏಣು, ಮಡಿಕೆ, ತೂತುಗಳನ್ನು ಕಾಗದದ ಮೇಲೆ ಅಚ್ಚೆತ್ತಿಕೊಂಡು, ಹೊಸದನ್ನು ಅದರಂತೆಯೇ ಮಡಿಸುವುದು ಚೆಲುವಿಗಾಗಿ ಮಾತ್ರವಲ್ಲ.

ಚಾಲಕನ ಕಾಲಡಿಯಲ್ಲಿ ಅಂಗೈಯಗಲದ ಒಂದು ತೂತಿದ್ದರೆ ತೊಟ್ಟಿಲು ಕಟ್ಟುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವನ್ನು ಪ್ರಯೋಗಿಸಿದಂತೆ. ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ ಪ್ಯಾಚು ಹಾಕಿಸಿದರೆ ತೀರಿತು. ನೆಲದ ಅರ್ಧಕ್ಕಿಂತ ಹೆಚ್ಚು ಹೋದ ಕಾರಿಗೆ, ಮಳೆ ತಾಗದ ಎತ್ತರದ ಮಾಡೂ ಸಮತಟ್ಟಾದ ಗಟ್ಟಿನೆಲವೂ ಇರುವ ಮನೆಯಲ್ಲಿ ಮಾತ್ರ ಇದು ಸಾಧು. ಮಣ್ಣಿನ ಅಂಗಳದಲ್ಲಿ ಪಾದಗಳು ಹೂತುಹೋಗಿ ಅಕ್ಷವೇ ಓರೆಯಾಗುವುದು. ಅಕ್ಕನ ಮನೆಯಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಕಣವಿತ್ತು. ಅದರ ಒಂದು ಮೂಲೆಗೆ ತಗಡಿನ ಮಾಡು ಹಾಕಿದರು. ಆ ವರ್ಷ ಅಡಿಕೆಯನ್ನು ಉಳಿದ ಜಾಗದಲ್ಲಿಯೇ ಇಕ್ಕಟ್ಟಾಗಿ ಹರಡಬೇಕಾಯಿತು.

ಒಡಲನ್ನು ಕೆಳಗಿಳಿಸಿ ಚಕ್ರ ಹಾಕಿ ಮೂರು ವಾರಗಳಾದುವು. ಎಂಜಿನು ಇನ್ನೂ ಬೋರಿನವನಲ್ಲಿದೆ. ತೊಟ್ಟಿಲನ್ನು ಬಿಚ್ಚಿ ಗೋಡೆಗೊರಗಿಸಿರುವರು. ಅಂಬಾಸಡರ್ ಕಾರನ್ನು ಇಟ್ಟುಕೊಂಡಿರುವ ಗೃಹಸ್ಥರೊಬ್ಬರು ಅದನ್ನು ಎರವಲು ಕೇಳಿ ಹೋಗಿದ್ದಾರೆ. ಅದಕ್ಕೂ ಬೇರೆ ಷಾಸಿಯಿಲ್ಲ, ಅದರ ನೆಲವೂ ಇದೇ ರೀತಿ ಹೋಗುವುದು. ಆದರೆ ಅದು ಫಿಯೆಟ್ಟಿಗಿಂತ ಉದ್ದವೂ ಅಗಲವೂ ಭಾರವೂ ಆದುದರಿಂದ ಕಂಬಗಳನ್ನು ಒಂದೆರಡು ತೂತು ಏರಿಸಿ, ನೆಲದ ತೊಲೆಗೆ ಅರ್ಧ ಮೀಟರು ಕೂಡಿಸಿ, ತೋಳಿನ ಬೋಲ್ಟುಗಳನ್ನು ದಪ್ಪಗೊಳಿಸಬೇಕೆಂದು ವೆಲ್ಡಿಂಗಿನವನು ಸೀಮೆಸುಣ್ಣದಿಂದ ಕಂಬದ ಮೇಲೆಯೇ ಬರೆದಿಟ್ಟಿರುವನು.